ಮಟ್ಟಾಂಚೇರಿಯ ಗೋಡೆಗಳು

ಮಂಗಳೂರಿನ ರಥಬೀದಿಯಲ್ಲಿ ಬೆಳೆದ ನಮಗೆ ಕೊಚ್ಚಿ ಎಂದರೆ ಅತ್ತೆಯ ಊರು. ಅಪ್ಪನ ಅಕ್ಕನನ್ನು ಅಲ್ಲಿಯ ಚೆರಳಾಯಿಗೆ ಮದುವೆ ಮಾಡಿ ಕೊಟ್ಟಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ಯಾರಾದರೂ ಬಂಧುಗಳ ಕೈಯಲ್ಲಿ ಅತ್ತೆ ಕಳಿಸಿದ ಹಪ್ಪಳದ ಕಟ್ಟು, ಕಾಳುಮೆಣಸಿನ ಪೊಟ್ಟಣ ಬರುತ್ತಿತ್ತು. ಅಜ್ಜಿ ಪೊಟ್ಟಣ ಬಿಚ್ಚಿ ಮೂಸಿ, ‘ಮೆಣಸು ಎಂದರೆ ಇದು’ ಎಂದು ಡಬ್ಬಿಗೆ ತುಂಬಿಸುತ್ತಿದ್ದರು. ನಾನು ಆ ಊರನ್ನು ಕಣ್ಣಾರೆ ಕಂಡದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಅತ್ತೆಯ ಮಗಳ ಮದುವೆಗೆ ಹೋದಾಗ. ಆಮೇಲೆ ಹೋಗುತ್ತಲೇ ಇದ್ದೇನೆ. ಅತ್ತೆ, ಮಾವ ಇಬ್ಬರೂ ಈಗ ಇಲ್ಲ. ಆದರೂ ಹೋಗುತ್ತೇನೆ.

ರಾತ್ರಿ ರೈಲು ಬೆಳಕು ಹರಿಯುವ ಮೊದಲೇ ಎರ್ನಾಕುಳಂನಲ್ಲಿ ಇಳಿಸಿತ್ತು. ಕರೆದೊಯ್ಯಲು ಬಂದಿದ್ದ ಮಾವ ಬಸ್ಸು ಬೇಡವೆಂದರು. ‘ಕೊಚ್ಚಿಗೆ ಮೊದಲ ಸಲ ಬರುವವರು ನೀರಿನ ಮೇಲೆಯೇ ಬರಬೇಕು’ ಎಂದು ಜೆಟ್ಟಿಗೆ ಕರೆದುಕೊಂಡು ಹೋದರು. ಸರಕಾರಿ ದೋಣಿಯ ಹಲಗೆಯ ಮೇಲೆ ಮೀನಿನ ಬುಟ್ಟಿಯವರು, ಶಾಲೆಯ ಮಕ್ಕಳು, ಕಚೇರಿಗೆ ಹೊರಟವರು ಒತ್ತಾಗಿ ಕೂತಿದ್ದರು. ದಾರಿಯಲ್ಲಿ ಸಿಕ್ಕ ವಿಲ್ಲಿಂಗ್ಡನ್ ದ್ವೀಪವನ್ನು ತೋರಿಸಿ ಮಾವ ಹೇಳಿದ್ದು ನೆನಪಿದೆ: ಅದರ ಬಹುಭಾಗ ಮನುಷ್ಯರೇ ಮಾಡಿದ ನೆಲ. 1920ರಲ್ಲಿ ಬಂದ ಇಂಗ್ಲಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯ ಹೂಳೆತ್ತಿಸಿ ಬಂದರು ಕಟ್ಟಿದಾಗ, ತೆಗೆದ ಹೂಳನ್ನೇ ಗುಡ್ಡೆ ಹಾಕಿ ದ್ವೀಪ ಮಾಡಿದರು. ಬಂದರಿನ ಮೂಲವಂತೂ ಇನ್ನೂ ಹಿಂದಿನದು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಉತ್ತರದ ಕೊಡುಂಗಲ್ಲೂರಿನ ಹಳೆಯ ಬಂದರು, ರೋಮನ್ನರು ಮುಜಿರಿಸ್ ಎಂದು ಕರೆಯುತ್ತಿದ್ದದ್ದು, ಹೂಳು ತುಂಬಿ ಕೆಟ್ಟಿತು. ಇತ್ತ ಕೊಚ್ಚಿಯ ಅಳಿವೆ ಆಳವಾಗಿ ತೆರೆದುಕೊಂಡಿತು ಎನ್ನುತ್ತಾರೆ. ಹಡಗು ಬಂದಲ್ಲಿಗೆ ವ್ಯಾಪಾರ ಬಂತು. ವ್ಯಾಪಾರದ ಹಿಂದೆ ಚೀನೀಯರು, ಅರಬರು, ಯಹೂದಿಗಳು, ಪೋರ್ಚುಗೀಸರು, ಡಚ್ಚರು, ಗುಜರಾತಿಗಳು, ನಮ್ಮವರು.

ನಮ್ಮವರು ಎಂದೆನಲ್ಲ, ಮಟ್ಟಾಂಚೇರಿಯಲ್ಲಿ ದೋಣಿ ಇಳಿದು ಅಲ್ಲಿಯ ಚೆರಳಾಯಿಗೆ ಬಂದವಳಿಗೆ ಹಾಗೆಯೇ ಅನ್ನಿಸಿತ್ತು. ತಿರುಮಲ ದೇವಸ್ವಂನ ವೆಂಕಟೇಶ್ವರ ದೇವಸ್ಥಾನ, ಅದರ ಸುತ್ತ ಗೌಡ ಸಾರಸ್ವತರ ಮನೆಗಳು, ಜಗಲಿಯ ಮೇಲೆ ಕೂತು ಕೊಂಕಣಿಯಲ್ಲಿ ಹರಟುವ ಹಿರಿಯರು, ಒಳಗಿನಿಂದ ಬರುವ ಹಿಂಗಿನ ಒಗ್ಗರಣೆಯ ಪರಿಮಳ. ಅತ್ತೆಯ ಮನೆಯಲ್ಲಿ ಮಧ್ಯಾಹ್ನಕ್ಕೆ ದಾಳಿತೋವೆ, ನಮ್ಮ ಅಮ್ಮ ಮಾಡಿದ ಹಾಗೆಯೇ. ಆದರೆ ಬೀದಿಗೆ ಇಳಿದರೆ ಬೇರೆಯೇ ಲೋಕ. ಅತ್ತೆ ಮೀನಿನವಳ ಜೊತೆ ಮಲಯಾಳಂ, ಬಟ್ಟೆಯ ಅಂಗಡಿಯ ಗುಜರಾತಿ ಸೇಠರ ಜೊತೆ ಹಿಂದಿ, ಬಟ್ಟೆ ಒಗೆಯಲು ಒಯ್ಯುವವರ ಜೊತೆ ತಮಿಳು, ನಮ್ಮ ಜೊತೆ ಕೊಂಕಣಿ, ಕನ್ನಡ ಎಂದು ಬದಲಾಯಿಸುತ್ತಲೇ ಇರುತ್ತಿದ್ದರು. ಅದಕ್ಕಾಗಿ ಅವರಿಗೆ ಯೋಚಿಸಬೇಕಾಗಿ ಬರುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ ಅವರು.

ಕೊಂಕಣಿಗರು ಅಲ್ಲಿಗೆ ಹೋದದ್ದು ಸುಖವಾಗಿದ್ದಾಗ ಅಲ್ಲ. ಗೋವೆಯಲ್ಲಿ ಪೋರ್ಚುಗೀಸರು ದೇವಾಲಯಗಳನ್ನು ಕೆಡವಿ, 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಕೂರಿಸಿದ ಆ ಶತಮಾನದಲ್ಲಿ ಸಾವಿರಾರು ಕುಟುಂಬಗಳು ದಕ್ಷಿಣಕ್ಕೆ ಓಡಿದವು. ಕೆಲವರು ಕಾರವಾರ, ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರಿನಲ್ಲಿ ನಿಂತರು. ಕೆಲವರು ಕೊಚ್ಚಿಯವರೆಗೂ ಹೋದರು. ವಿಚಿತ್ರವೆಂದರೆ ಕೊಚ್ಚಿಯಲ್ಲೂ ಆಗ ಇದ್ದದ್ದು ಪೋರ್ಚುಗೀಸರ ಕೋಟೆಯೇ. ಆದರೆ ಕೋಟೆಯ ಹೊರಗೆ, ಮಟ್ಟಾಂಚೇರಿಯಲ್ಲಿ, ಕೊಚ್ಚಿಯ ರಾಜನ ಆಳ್ವಿಕೆ ನಡೆಯುತ್ತಿತ್ತು. ಅವನು ಜಾಗ ಕೊಟ್ಟ. ಕುಂಭಕೋಣದ ಮಾಧ್ವ ಯತಿ ವಿಜಯೀಂದ್ರ ತೀರ್ಥರಿಂದ ವೆಂಕಟೇಶ್ವರನ ವಿಗ್ರಹ ಬಂತು ಎನ್ನುತ್ತದೆ ದೇವಸ್ಥಾನದ ಪರಂಪರೆ. ಜಾಗ ಕೊಟ್ಟ ರಾಜವಂಶವೇ ಮುಂದೊಮ್ಮೆ ತಿರುಗಿಯೂ ಬಿತ್ತು: 1791ರಲ್ಲಿ ಶಕ್ತನ್ ತಂಪುರಾನ್ ಕಾಲದಲ್ಲಿ ಕೊಂಕಣಿ ವರ್ತಕರ ಮೇಲೆ ದಾಳಿಯಾಗಿ, ಜನ ವಿಗ್ರಹವನ್ನೇ ಎತ್ತಿಕೊಂಡು ತಿರುವಾಂಕೂರು ಸೀಮೆಯ ಆಲಪ್ಪುಳಕ್ಕೆ ಓಡಿದರು. ಅದು ಮರಳಿ ಚೆರಳಾಯಿಗೆ ಬಂದದ್ದು 1853ರಲ್ಲಿ. ಮಾವ ಇದನ್ನು ಹೇಳುವಾಗ ತಮ್ಮ ಮನೆಯಲ್ಲಿ ನಿನ್ನೆಯೋ ಮೊನ್ನೆಯೋ ನಡೆದ ಸಂಗತಿಯ ಹಾಗೆ ದನಿ ತಗ್ಗಿಸುತ್ತಿದ್ದರು.

ಮದುವೆಯ ಮನೆಗೆ ಅವಲಕ್ಕಿ ತಂದುಕೊಡುವ ಹೆಂಗಸೊಬ್ಬರಿದ್ದರು. ಹಿತ್ತಿಲ ಬಾಗಿಲಿಂದ ಬಂದು ಅಂಗಳದಲ್ಲೇ ನಿಂತು ಅತ್ತೆಯ ಜೊತೆ ಮಾತಾಡುತ್ತಿದ್ದರು. ಅವರದೂ ಕೊಂಕಣಿಯೇ, ಕೇಳಿದರೆ ನಮ್ಮ ಕಿವಿಗೆ ಸ್ವಲ್ಪ ಒರಟೆನಿಸುವ, ಆದರೆ ಪೂರ್ತಿ ಅರ್ಥವಾಗುವ ಕೊಂಕಣಿ. ಯಾರೆಂದು ಕೇಳಿದೆ. ‘ಕುಡುಂಬಿಯವರು ಮಗಾ, ಗೋವೆಯಿಂದ ನಮ್ಮ ಜೊತೆಗೇ ಬಂದವರು’ ಎಂದರು ಅತ್ತೆ. ಅವಲಕ್ಕಿ ಕುಟ್ಟುವುದು, ಗದ್ದೆ ಕೆಲಸ, ಮೀನು ಹಿಡಿಯುವುದು ಅವರ ಪಾರಂಪರಿಕ ದುಡಿಮೆ. ನಮ್ಮ ಕುಂದಾಪುರ, ಮೂಡುಬಿದಿರೆಯ ಕಡೆ ಹೋಳಿಯಲ್ಲಿ ಗುಮಟೆ ಬಡಿದು ಕುಣಿಯುವ ಕುಡುಬಿಗಳು ಇವರದೇ ಬಳಗ. ಕೇರಳದಲ್ಲಿ ಇವರ ಹೋಳಿ ಬಣ್ಣದ್ದಲ್ಲ, ಅರಿಶಿನ ನೀರಿನದು. ಮಂಜಳ್ ಕುಳಿ ಎನ್ನುತ್ತಾರೆ. ಭಾಷೆ ಒಂದೇ, ಊರು ಬಿಟ್ಟ ಕಾರಣ ಒಂದೇ, ಬಂದ ದಾರಿಯೂ ಒಂದೇ. ಆದರೆ ಊಟದ ಪಂಕ್ತಿ ಒಂದಾಗಲಿಲ್ಲ. ಆ ದಿನ ಮದುವೆಯ ಮನೆಯ ಒಳಗೆ ಎಲೆ ಹಾಕಿದ್ದಾಗಲೂ ಆಕೆ ಅಂಗಳದಲ್ಲೇ ಇದ್ದರು. ಹದಿಹರೆಯದ ನನಗೆ ಅದು ಮುಳ್ಳಿನಂತೆ ಚುಚ್ಚಿತು, ಇಂದಿಗೂ ಚುಚ್ಚುತ್ತದೆ. ಓಡಿ ಬಂದವರಿಗೆ ಊರು ನೆಲ ಕೊಟ್ಟಿತು. ಓಡಿ ಬಂದವರು ತಮ್ಮ ಜೊತೆಗಿದ್ದವರಿಗೆ ಒಳಗೆ ಜಾಗ ಕೊಡಲಿಲ್ಲ. ಕೊಚ್ಚಿಯ ವೈವಿಧ್ಯದ ಬಗ್ಗೆ ಯಾರು ಹಾಡಿ ಹೊಗಳಿದರೂ ನನಗೆ ಮೊದಲು ನೆನಪಾಗುವುದು ಆ ಅಂಗಳ.

ಮದುವೆಯ ಗದ್ದಲ ಮುಗಿದ ಮೇಲೆ ಮಾವ ಯಹೂದಿಗಳ ಕೇರಿ ಜ್ಯೂ ಟೌನಿಗೆ ಕರೆದುಕೊಂಡು ಹೋದರು. ಅವರು ಮಲಂಜರಕು, ಅಂದರೆ ಗುಡ್ಡಗಾಡಿನ ಸರಕಿನ ವ್ಯಾಪಾರದಲ್ಲಿದ್ದವರು: ಮೆಣಸು, ಶುಂಠಿ, ಏಲಕ್ಕಿ. ಆಗ ಬಜಾರ್ ರಸ್ತೆಯ ಎರಡೂ ಬದಿ ಗೋದಾಮುಗಳೇ. ಅಂಗಳದಲ್ಲಿ ಶುಂಠಿ ಸುಣ್ಣ ಹಚ್ಚಿಸಿಕೊಂಡು ಬಿಸಿಲಿಗೆ ಬಿದ್ದಿರುತ್ತಿತ್ತು. ಹೆಂಗಸರು ಮೊರ ಹಿಡಿದು ಮೆಣಸು ಕೇರುತ್ತಿದ್ದರು. ಗಾಳಿಯಲ್ಲೇ ಖಾರ, ಹೊಸಬರು ಸೀನುತ್ತಲೇ ನಡೆಯಬೇಕು. ಜ್ಯೂ ಟೌನಿನ ಒಂದು ಕಟ್ಟಡದ ಮಾಳಿಗೆಯಿಂದ ಜಗಳದಂಥ ಕೂಗಾಟ ಕೇಳಿ ಹೆದರಿದೆ. ಅದು ಮೆಣಸಿನ ವಾಯಿದಾ ವ್ಯಾಪಾರದ ಕೋಣೆ. 1957ರಲ್ಲಿ ಅಲ್ಲಿ ಸಂಬಾರ ವ್ಯಾಪಾರಿಗಳ ಸಂಘದ ವಾಯಿದಾ ಮಾರುಕಟ್ಟೆ ಶುರುವಾದಂದಿನಿಂದ ದಲ್ಲಾಳಿಗಳು ಹೀಗೆಯೇ ಕೂಗಿ ದರ ಕಟ್ಟುತ್ತಿದ್ದರು. ಗುಜರಾತಿ, ಕೊಂಕಣಿ, ಮಲಯಾಳಿ, ಕಚ್ಛಿ ಎಲ್ಲರೂ ಒಂದೇ ಕೋಣೆಯಲ್ಲಿ ಮುಂದಿನ ತಿಂಗಳ ಮೆಣಸನ್ನು ಇಂದು ಮಾರುತ್ತಿದ್ದರು. ಮೆಣಸಿನ ವ್ಯಾಪಾರದಲ್ಲಿ ಕೊಚ್ಚಿಗಿದ್ದ ದೊಡ್ಡಸ್ತಿಕೆಯನ್ನು ಮುಂದೆ ವಿಯೆಟ್ನಾಂ ಕಸಿದುಕೊಂಡಿತು. ಕೂಗಾಟ ಕಂಪ್ಯೂಟರಿನೊಳಗೆ ಹೋಗಿ ಸದ್ದಡಗಿತು. ಗೋದಾಮುಗಳು ಒಂದೊಂದಾಗಿ ಹಳೆ ಸಾಮಾನಿನ ಅಂಗಡಿಗಳಾದವು.

ಆ ಬೀದಿಯ ಕೊನೆಯಲ್ಲಿ ಪರದೇಶಿ ಸಿನಗಾಗ್. 1568ರಲ್ಲಿ ಕಟ್ಟಿದ್ದು. ಕೊಡುಂಗಲ್ಲೂರಿನಿಂದ ಪೋರ್ಚುಗೀಸರ ಕಾಟಕ್ಕೆ ಓಡಿಬಂದ ಯಹೂದಿಗಳಿಗೆ ರಾಜ ಕೊಟ್ಟ ಜಾಗ ಎಲ್ಲಿಯದು ಗೊತ್ತೇ, ತನ್ನ ಅರಮನೆಯ ಪಕ್ಕದ್ದೇ. ಅರಮನೆಯ ದೇವಸ್ಥಾನಕ್ಕೂ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೂ ನಡುವೆ ಒಂದೇ ಗೋಡೆ. ಈ ಕಡೆ ಭಗವತಿಗೆ ಗಂಟೆ, ಆ ಕಡೆ ಹೀಬ್ರೂ ಪ್ರಾರ್ಥನೆ. ಮಾವ ಆ ಗೋಡೆಗೆ ಅಂಗೈ ಇಟ್ಟು ಒಂದು ಕ್ಷಣ ನಿಂತರು, ದೇವರ ಮುಂದೆ ನಿಂತ ಹಾಗೆ. ಒಳಗೆ ಚಪ್ಪಲಿ ಬಿಟ್ಟು ಹೋಗಬೇಕು. ಕಾಲಡಿ ನೀಲಿ ಚಿತ್ತಾರದ, ಚೀನಾದಿಂದ ತರಿಸಿದ, ಕೈಯಿಂದ ಬಣ್ಣ ಬರೆದ ಬಿಲ್ಲೆಗಳು. ತಲೆಯ ಮೇಲೆ ಬೆಲ್ಜಿಯಂ ಗಾಜಿನ ದೀಪಗುಚ್ಛ. ನಡುವೆ ಹಿತ್ತಾಳೆ ಕಟಾಂಜನದ ವೇದಿಕೆ. ಸಾವಿರ ವರ್ಷದಷ್ಟು ಹಳೆಯ ತಾಮ್ರಪಟಗಳನ್ನೂ ಆ ಸಮುದಾಯ ಕಾಪಾಡಿಕೊಂಡು ಬಂದಿದೆ. ಚೇರ ರಾಜ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ಕೊಟ್ಟ ಹಕ್ಕುಬಾಧ್ಯತೆಗಳ ದಾಖಲೆ ಅದು. ಹೊರಗಿನ ಗಡಿಯಾರದ ಗೋಪುರ 1760ರದು, ಎಜಕಿಯಲ್ ರಹಬಿ ಎಂಬ ಯಹೂದಿ ವರ್ತಕ ಕಟ್ಟಿಸಿದ್ದು. ಅದರ ಒಂದು ಮುಖದಲ್ಲಿ ಹೀಬ್ರೂ ಅಂಕಿ, ಮತ್ತೊಂದರಲ್ಲಿ ರೋಮನ್, ಮಗದೊಂದರಲ್ಲಿ ಮಲಯಾಳಂ. ಬಂದರಿನ ಜನಕ್ಕೆ, ಅರಮನೆಯ ಜನಕ್ಕೆ, ಪ್ರಾರ್ಥನೆಗೆ ಬರುವ ಜನಕ್ಕೆ ಅವರವರ ಲಿಪಿಯಲ್ಲೇ ಹೊತ್ತು ತಿಳಿಯಲಿ ಎಂದು ಯೋಚಿಸಿದ ಆ ಮನುಷ್ಯನ ಬಗ್ಗೆ ನನಗೆ ಗೌರವ.

ಇಲ್ಲಿಯವರೆಗಿನದು ಎಲ್ಲ ಗೈಡುಗಳೂ ಹೇಳುತ್ತಾರೆ. ಮಾವ ಹೇಳಿದ ಮುಂದಿನ ಮಾತನ್ನು ಹೆಚ್ಚಿನವರು ಹೇಳುವುದಿಲ್ಲ. ಸಿನಗಾಗಿನ ಒಳಗೆ ಎಲ್ಲ ಯಹೂದಿಗಳೂ ಕೂರುವಂತಿರಲಿಲ್ಲ. ಯುರೋಪು, ಪಶ್ಚಿಮ ಏಷ್ಯಾದ ಕಡೆಯಿಂದ ಬಂದ ಬಿಳಿ ಯಹೂದಿಗಳ ಪ್ರಾರ್ಥನಾ ಮಂದಿರ ಅದು. ಅವರಿಗಿಂತ ಎಷ್ಟೋ ಮೊದಲಿನಿಂದ ಇಲ್ಲಿದ್ದ ಮಲಬಾರಿ ಯಹೂದಿಗಳನ್ನು ಕರಿಯರೆಂದು ಬೇರೆ ಇಟ್ಟಿದ್ದರು. ಅವರಿಗೆ ಬೇರೆ ಸಿನಗಾಗುಗಳು. ಬಿಳಿ ಯಹೂದಿಗಳ ಮನೆಗಳಲ್ಲಿ ದಾಸ್ಯದಲ್ಲಿದ್ದು ಬಿಡುಗಡೆಯಾದವರ ಸಂತತಿಯ ಸ್ಥಿತಿ ಇನ್ನೂ ಕಷ್ಟದ್ದು. ಅದೇ ಸಿನಗಾಗಿಗೆ ಸೇರಿದವರಾದರೂ ಒಳಗೆ ಬೆಂಚಿನ ಮೇಲೆ ಕೂರುವ ಹಕ್ಕಿಲ್ಲ. ಆ ಸಂತತಿಯಲ್ಲಿ 1882ರಲ್ಲಿ ಹುಟ್ಟಿದವರು ಎ. ಬಿ. ಸೇಲಂ. ಓದಿ ವಕೀಲರಾದರು. ಕೊಚ್ಚಿ ಸಂಸ್ಥಾನದ ಶಾಸನಸಭೆಯಲ್ಲಿ ಕೂತರು. ಕಾರ್ಮಿಕರ ಪರವಾಗಿ, ಸ್ವಾತಂತ್ರ್ಯದ ಪರವಾಗಿ ಬೀದಿಯಲ್ಲಿ ನಿಂತು ಮಾತಾಡಿದರು. ತಮ್ಮದೇ ಪ್ರಾರ್ಥನಾ ಮಂದಿರದಲ್ಲಿ ಮಾತ್ರ ಅವರಿಗೆ ಸಮಾನ ಜಾಗವಿರಲಿಲ್ಲ. ಅವರು ಗಾಂಧೀಜಿಯ ದಾರಿಯನ್ನೇ ಸಿನಗಾಗಿನೊಳಕ್ಕೆ ತಂದರು, ಸತ್ಯಾಗ್ರಹ ಹೂಡಿದರು. ಕೈ ಎತ್ತಲಿಲ್ಲ, ಬೇರೆ ಮಂದಿರವನ್ನೂ ಕಟ್ಟಲಿಲ್ಲ. ವರ್ಷಗಳು ಹಿಡಿದವು, ನಿರ್ಬಂಧಗಳು ಮೆಲ್ಲಗೆ ಸಡಿಲಿದವು. ಯಹೂದಿ ಗಾಂಧಿ ಎಂದು ಜನ ಕರೆದರು. 1967ರಲ್ಲಿ ತೀರಿಕೊಂಡರು. ಜ್ಯೂ ಟೌನಿನ ರಸ್ತೆಗೆ ಈಗ ಅವರ ಹೆಸರಿದೆ. ಆ ಹೆಸರಿನ ಫಲಕದ ಕೆಳಗೆ ದಿನವೂ ಸಾವಿರ ಜನ ನಡೆಯುತ್ತಾರೆ.

ಸೇಲಂ ತೀರಿಕೊಂಡ ಮರುವರ್ಷ, 1968ರಲ್ಲಿ ಸಿನಗಾಗಿನ ನಾಲ್ಕು ಶತಮಾನದ ಉತ್ಸವ ನಡೆಯಿತು. ಇಂದಿರಾ ಗಾಂಧಿ ಬಂದಿದ್ದರು, ಅಂಚೆ ಚೀಟಿ ಬಿಡುಗಡೆಯಾಯಿತು. ಆದರೆ ಉತ್ಸವದ ಹೊತ್ತಿಗೇ ಸಮುದಾಯ ಖಾಲಿಯಾಗಿತ್ತು. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ, ಐವತ್ತರ ದಶಕದಲ್ಲಿ ಕೊಚ್ಚಿಯ ಯಹೂದಿಗಳಲ್ಲಿ ಹೆಚ್ಚಿನವರು ಊರು ಬಿಟ್ಟರು. ಯಾರೂ ಓಡಿಸಿದ್ದಲ್ಲ. ತಮಗಾಗಿಯೇ ಒಂದು ದೇಶ ಎಂಬ ಕನಸು ಕರೆಯಿತು, ಹೋದರು. ನಾನು ಮೊದಲು ಹೋದಾಗ ಬೀದಿಯಲ್ಲಿ ಕೆಲವು ವೃದ್ಧರು ಇನ್ನೂ ಇದ್ದರು. ಒಬ್ಬ ಅಜ್ಜಿ ಕಿಟಕಿಯ ಪಕ್ಕ ಕೂತು ಕಸೂತಿ ಹಾಕುತ್ತಿದ್ದರು. ಸಬ್ಬತ್ ದಿನ ರೊಟ್ಟಿಗೆ ಮುಚ್ಚುವ ಬಟ್ಟೆ, ತಲೆಗಿಡುವ ಟೋಪಿ. ಅವರಿಗೆ ವಯಸ್ಸಾದಂತೆ ಅಂಗಡಿಯನ್ನೂ ಅವರನ್ನೂ ನೋಡಿಕೊಂಡವರು ಒಬ್ಬ ಮುಸ್ಲಿಂ ಗೃಹಸ್ಥರು. 2019ರಲ್ಲಿ ಆ ಅಜ್ಜಿ ತೀರಿಕೊಂಡ ಸುದ್ದಿಯನ್ನು ಮಂಗಳೂರಿನಲ್ಲಿ ಪತ್ರಿಕೆಯಲ್ಲಿ ಓದಿ ನಾನು ತುಂಬ ಹೊತ್ತು ಸುಮ್ಮನಿದ್ದೆ. ಈಗ ಸಿನಗಾಗಿನಲ್ಲಿ ಪ್ರಾರ್ಥನೆಗೆ ಬೇಕಾದ ಹತ್ತು ಜನ ಗಂಡಸರು ಕೊಚ್ಚಿಯಲ್ಲಿ ಸಿಗುವುದಿಲ್ಲ. ಹೊರಗಿನಿಂದ ಪ್ರವಾಸಿಗಳು ಬಂದರೆ ಉಂಟು.

ಡಚ್ ಅರಮನೆ ಎಂದು ಕರೆಯುವ ಮಟ್ಟಾಂಚೇರಿ ಅರಮನೆಯನ್ನು ಕಟ್ಟಿದವರು ಪೋರ್ಚುಗೀಸರು; ರಾಜನಿಗೆ ಕೊಟ್ಟ ಕಾಣಿಕೆ. 1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ಚರು ದುರಸ್ತಿ ಮಾಡಿಸಿದ್ದಕ್ಕೆ ಅವರ ಹೆಸರು ನಿಂತಿತು. ಹೊರಗಿನಿಂದ ಸಾದಾ ಕಟ್ಟಡ. ಒಳಗೆ ರಾಜನ ಮಲಗುವ ಕೋಣೆಯ ಗೋಡೆಗಳ ತುಂಬ ರಾಮಾಯಣ, ದಶರಥನ ಪುತ್ರಕಾಮೇಷ್ಟಿಯಿಂದ ಶುರು. ಕಾವಿ, ಹಸಿರು, ಹಳದಿ ಬಣ್ಣಗಳು ಒಂದರ ಮೇಲೊಂದು ತುಂಬಿಕೊಂಡು ಖಾಲಿ ಜಾಗವೇ ಉಳಿದಿಲ್ಲ. ಕೆಳಗಿನ ಕೋಣೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣ. ನಮ್ಮ ಕಡೆಯ ಯಕ್ಷಗಾನದ ಕಿರೀಟ, ಆಭರಣ ಕಂಡವರಿಗೆ ಈ ಚಿತ್ರಗಳು ಅಪರಿಚಿತ ಅನ್ನಿಸುವುದಿಲ್ಲ. ಕೂತು ನೋಡಬೇಕಾದ ಗೋಡೆಗಳಿವು.

ನನಗೆ ಇಡೀ ಊರಿನಲ್ಲಿ ಎಲ್ಲಕ್ಕಿಂತ ಹತ್ತಿರವಾದದ್ದು ಕಲ್ಲಿನದಲ್ಲ, ಒಂದು ಪುಸ್ತಕ: ಹೊರ್ಟಸ್ ಮಲಬಾರಿಕಸ್. ಕೊಚ್ಚಿಯ ಡಚ್ ಗವರ್ನರ್ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ಮಾಡಿಸಿದ ಗ್ರಂಥ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಲ್ಯಾಟಿನಿನಲ್ಲಿ ಅಚ್ಚಾಯಿತು. 742 ಸಸ್ಯಗಳ ವಿವರ ಅದರಲ್ಲಿದೆ. ಗಿಡಗಳ ಗುಣ ಹೇಳಿದವರು ಡಚ್ಚರಲ್ಲ. ಈಳವ ಜಾತಿಯ ವೈದ್ಯ ಇಟ್ಟಿ ಅಚ್ಯುತನ್ ತಮ್ಮ ಮನೆತನದ ತಾಳೆಗರಿಗಳನ್ನು ನೋಡಿ ಹೇಳಿದರು. ಅವರ ಜೊತೆಗೆ ಕೊಚ್ಚಿಯ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರು: ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಮೊದಲ ಸಂಪುಟದಲ್ಲಿ ಅವರೆಲ್ಲರ ಸಾಕ್ಷಿಪತ್ರಗಳಿವೆ, 1675ರವು. ಅಚ್ಯುತನ್ ಅವರದು ಮಲಯಾಳದಲ್ಲಿ, ಮೂವರದು ನಾಗರಿ ಲಿಪಿಯ ಕೊಂಕಣಿಯಲ್ಲಿ. ಚಿತ್ರಗಳ ಮೇಲೆ ಗಿಡದ ಹೆಸರು ಹಲವು ಲಿಪಿಗಳಲ್ಲಿ ಕೆತ್ತಿದ್ದಾರೆ. ಮಲಯಾಳಂ ಅಕ್ಷರಗಳು ಮೊದಲು ಅಚ್ಚಾದದ್ದೇ ಅದರಲ್ಲಿ.

ಮಾವನ ಮನೆಯಲ್ಲಿ ಆ ಕೊಂಕಣಿ ಪುಟದ ಪ್ರತಿಯನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು. ಅದರ ಕೆಳಗೆ ನಿಂತು ನಾನು ಅಕ್ಷರ ಕೂಡಿಸಿ ಓದಿದೆ. ಮೂರು ಶತಮಾನಕ್ಕೂ ಹಿಂದಿನ ಆ ಕೊಂಕಣಿಯ ಕೆಲವು ಮಾತುಗಳು ನಮ್ಮ ಅಡುಗೆಮನೆಯಲ್ಲಿ ಇನ್ನೂ ಇವೆ. ಮನೆಮಠ ಬಿಟ್ಟು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಹೊಸ ನೆಲದ ಬಳ್ಳಿಬೇರುಗಳನ್ನು ಅಷ್ಟು ಆಳವಾಗಿ ಕಲಿತಿದ್ದರು. ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಆ ಕಾಲದಲ್ಲಿ ಈಳವ ವೈದ್ಯರೊಬ್ಬರ ವಿದ್ಯೆಯೂ ಬ್ರಾಹ್ಮಣರ ವಿದ್ಯೆಯೂ ಒಂದೇ ಹೊತ್ತಗೆಯಲ್ಲಿ ಕೂತಿತು. ಈ ಗ್ರಂಥವನ್ನು ಲ್ಯಾಟಿನಿನಿಂದ ಇಂಗ್ಲಿಷಿಗೂ ಮಲಯಾಳಕ್ಕೂ ತರಲು ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್ ಬದುಕಿನ ದಶಕಗಳನ್ನೇ ಸವೆಸಿದರು. ಅಷ್ಟು ದುಡಿಮೆಗೆ ತಕ್ಕ ಗ್ರಂಥ ಅದು. ಪಶ್ಚಿಮ ಘಟ್ಟದ ಈ ಬದಿಯ ನಾವು, ಅದೇ ಗಿಡಗಳ ನಡುವೆ ಬದುಕುವವರು, ಅದನ್ನು ಇನ್ನಷ್ಟು ಓದಬೇಕಿತ್ತು.

ಫೋರ್ಟ್ ಕೊಚ್ಚಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಅಲ್ಲೇ ತಂಗುತ್ತಾರೆ, ಚಿತ್ರ ತೆಗೆಯುತ್ತಾರೆ. ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನನ್ನು ಹೂಳಿದ ಜಾಗವಿದೆ. 1524ರ ಕ್ರಿಸ್ಮಸ್‌ನ ಹಿಂದಿನ ದಿನ ಅವನು ಕೊಚ್ಚಿಯಲ್ಲೇ ಸತ್ತ. 1539ರಲ್ಲಿ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಆ ಕಲ್ಲಿನ ಮುಂದೆ ಜನ ಮುಗಿಬೀಳುತ್ತಾರೆ. ನನ್ನ ಕಣ್ಣು ಹೋಗುವುದು ಮೇಲೆ ತೂಗುವ ಬಟ್ಟೆಯ ಪಂಖಾಗಳ ಕಡೆಗೆ. ಅವುಗಳ ಹಗ್ಗ ಗೋಡೆಯ ಆಚೆಗೆ ಹೋಗುತ್ತದೆ. ಒಳಗೆ ದೊರೆಗಳಿಗೆ ತಂಪಾಗಲೆಂದು ಹೊರಗೆ ಬಿಸಿಲಲ್ಲಿ ಕೂತು ಅದನ್ನು ಎಳೆಯುತ್ತಿದ್ದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ದಡದಲ್ಲಿ ಚೀನಾ ಬಲೆಗಳಿವೆ. ಕಲ್ಲುಗಳನ್ನು ಹಗ್ಗಕ್ಕೆ ಕಟ್ಟಿ ಭಾರ ಸರಿದೂಗಿಸಿದ ಆ ದೊಡ್ಡ ಏತಗಳನ್ನು ನಾಲ್ಕಾರು ಜನ ಸೇರಿ ಎಳೆದರೆ ಬಲೆ ಮೇಲೆದ್ದು ಬರುತ್ತದೆ. ಮೊದಲಿನ ಹಾಗೆ ಮೀನು ಸಿಗುವುದಿಲ್ಲ ಎಂದು ಎಳೆಯುವವರು ಬೇಸರ ಮಾಡಿಕೊಳ್ಳುತ್ತಾರೆ. ತೇಗದ ಮರ ಕೊಳ್ಳಲಾಗದೆ ಕೆಲವು ಬಲೆಗಳಿಗೆ ಕಬ್ಬಿಣದ ಕೊಳವೆ ಬಂದಿದೆ.

ಅಲ್ಲಿಂದ ಸ್ವಲ್ಪ ದೂರದ ವೇಳಿಯಲ್ಲಿ ಧೋಬಿಖಾನೆ ಇದೆ. ಅತ್ತೆಯ ಮನೆಯ ಬಟ್ಟೆ ಹೋಗುತ್ತಿದ್ದದ್ದು ಅಲ್ಲಿಗೇ. ಡಚ್ಚರ ಕಾಲದಲ್ಲಿ ಸೈನಿಕರ ಬಟ್ಟೆ ಒಗೆಯಲು ತಮಿಳು ಸೀಮೆಯಿಂದ ಕರೆತಂದ ವಣ್ಣಾರರ ವಂಶದವರು ತಾವು ಎಂದು ಅಲ್ಲಿಯವರು ಹೇಳುತ್ತಾರೆ. ಸಾಲು ತೊಟ್ಟಿಗಳು, ಒಗೆಯುವ ಕಲ್ಲುಗಳು, ಗಂಜಿ ತಿಳಿಯಲ್ಲಿ ಅದ್ದಿ ಹಿಂಡಿದ ಬಟ್ಟೆಗಳು. ಒಣಗಿಸಲು ಕ್ಲಿಪ್ಪು ಬೇಕಿಲ್ಲ. ಎರಡು ಹಗ್ಗಗಳನ್ನು ಹೊಸೆದು ಕಟ್ಟಿ, ಹುರಿಯ ನಡುವೆ ಬಟ್ಟೆಯ ಮೂಲೆ ಸಿಕ್ಕಿಸುತ್ತಾರೆ. ವಯಸ್ಸಾದವರೊಬ್ಬರು ಇಸ್ತ್ರಿಪೆಟ್ಟಿಗೆಗೆ ಚಿಪ್ಪಿನ ಕೆಂಡ ತುಂಬುತ್ತ ನನ್ನ ಸೀರೆಯ ನೆರಿಗೆ ನೋಡಿ, ‘ಅಮ್ಮಾ, ಇದಕ್ಕೆ ಗಂಜಿ ಸಾಲದು’ ಎಂದರು. ತಮ್ಮ ಮಕ್ಕಳು ಯಾರೂ ಈ ಕೆಲಸಕ್ಕೆ ಇಲ್ಲ ಎನ್ನುವಾಗ ಅವರ ದನಿಯಲ್ಲಿ ದುಃಖವಿರಲಿಲ್ಲ, ಸಮಾಧಾನವಿತ್ತು.

ದುಡಿದವರ ಕಥೆಗಳಲ್ಲಿ ಮಟ್ಟಾಂಚೇರಿ ಮರೆಯದೆ ಇಟ್ಟುಕೊಂಡಿರುವುದು 1953ರದು. ಬಂದರಿನಲ್ಲಿ ಆಗ ಚಾಪ್ಪ ಪದ್ಧತಿ ಇತ್ತು. ಬೆಳಗ್ಗೆ ಕೂಲಿಗೆ ಬಂದವರ ಗುಂಪಿನ ಮೇಲೆ ಗುತ್ತಿಗೆದಾರನ ಕಡೆಯವರು ಲೋಹದ ಬಿಲ್ಲೆಗಳನ್ನು ಎಸೆಯುತ್ತಿದ್ದರು. ಬಿದ್ದೆದ್ದು, ಒಬ್ಬರನ್ನೊಬ್ಬರು ತುಳಿದು ಯಾರು ಹಿಡಿದರೋ ಅವರಿಗೆ ಅಂದಿನ ಕೆಲಸ. ಅದರ ವಿರುದ್ಧ ಎದ್ದ ಕಾರ್ಮಿಕರ ಮೇಲೆ ಸೆಪ್ಟೆಂಬರ್ 15ರಂದು ಪೊಲೀಸರು ಗುಂಡು ಹಾರಿಸಿದರು. ಆ ಹೋರಾಟ ಮೂವರು ಕಾರ್ಮಿಕರ ಜೀವ ತೆಗೆದುಕೊಂಡಿತು. ಸತ್ತವರಲ್ಲಿ ಮುಸ್ಲಿಮರೂ ಇದ್ದರು, ಕ್ರೈಸ್ತರೂ ಇದ್ದರು. ಮಾವ ಆಗ ಹುಡುಗ. ಗುಂಡಿನ ಸದ್ದು ಕೇಳಿ ತಮ್ಮ ಅಪ್ಪ ಗೋದಾಮಿನ ಬಾಗಿಲು ಹಾಕಿಸಿದ್ದು, ಹೊರಗೆ ಓಡಾಡಿದ ಕಾಲಸದ್ದು ಅವರಿಗೆ ಕೊನೆಯವರೆಗೂ ಮರೆತಿರಲಿಲ್ಲ. ‘ನಮ್ಮ ಮೆಣಸಿನ ಚೀಲ ಹೊತ್ತವರು ಅವರೇ ಅಲ್ಲವಾ’ ಎಂದಿದ್ದರು ಒಮ್ಮೆ.

ಸಂಜೆಯಾದರೆ ಊರಿಗೆ ಬೇರೆಯೇ ಕಳೆ. ಮಟ್ಟಾಂಚೇರಿಯ ಮಾಳಿಗೆಗಳಲ್ಲಿ, ಸಣ್ಣ ಕ್ಲಬ್ಬುಗಳಲ್ಲಿ ಹಾರ್ಮೋನಿಯಂ, ತಬಲಾ ಕೇಳುತ್ತವೆ. ಹಿಂದೂಸ್ತಾನಿ, ಗಜಲ್, ಹಳೆಯ ಹಿಂದಿ ಹಾಡು. ಕೇರಳದ ಒಂದು ಮೂಲೆಯಲ್ಲಿ ಇದೆಲ್ಲಿಂದ ಬಂತೆಂದರೆ, ಗುಜರಾತಿ, ಕಚ್ಛಿ ವರ್ತಕರ ಜೊತೆ ಬಂತು, ದಖನಿ ಮುಸ್ಲಿಮರ ಜೊತೆ ಬಂತು. ಬೀದರ್, ವಿಜಯಪುರದ ಕಡೆ ಕೇಳುವಂಥದೇ ಉರ್ದು ಆಡುವ ದಖನಿ ಮನೆಗಳು ಕೊಚ್ಚಿಯಲ್ಲಿವೆ. ಅಂಥ ಮನೆಯಲ್ಲಿ ಹುಟ್ಟಿದ ಮೆಹಬೂಬ್ ಇಡೀ ಊರಿನ ಗಾಯಕರಾದರು. ಬಡತನದಲ್ಲಿ ಬೆಳೆದು, ಸಿನಿಮಾಕ್ಕೂ ಹಾಡಿ, ಆದರೆ ಗೆಳೆಯರ ನಡುವಿನ ಮೆಹಫಿಲ್ಲನ್ನೇ ಪ್ರೀತಿಸಿದವರು. 1981ರಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ಇಂದಿಗೂ ಆಟೋ ಓಡಿಸುವವರು ತಿರುಗಿ ನೋಡುತ್ತಾರೆ. ಮಾವನ ಜೊತೆ ಒಂದು ರಾತ್ರಿ ಅಂಥ ಮೆಹಫಿಲ್ಲಿಗೆ ಹೋಗಿದ್ದೆ. ಹಾಡುತ್ತಿದ್ದವರು ಲಾರಿಯ ಮಾಲೀಕರು, ತಬಲಾದಲ್ಲಿ ಒಬ್ಬ ಲ್ಯಾಟಿನ್ ಕ್ರೈಸ್ತ ತರುಣ, ಕೇಳುತ್ತ ತಲೆದೂಗುತ್ತಿದ್ದವರು ಜೈನ ಸೇಠರು. ಚಹಾ ಬಂತು, ಮತ್ತೆ ಹಾಡು, ಮತ್ತೆ ಚಹಾ. ಯಾರಿಗೂ ಮನೆಗೆ ಹೋಗುವ ಅವಸರವಿರಲಿಲ್ಲ.

2012ರ ಡಿಸೆಂಬರ್ 12ರಂದು ಕೊಚ್ಚಿ ಮುಜಿರಿಸ್ ಬಿನಾಲೆ ಶುರುವಾದ ಮೇಲೆ ಊರು ವೇಗವಾಗಿ ಬದಲಾಯಿತು. ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಎಂಬ ಇಬ್ಬರು ಕಲಾವಿದರು ಕಟ್ಟಿದ ಈ ಕಲಾ ಉತ್ಸವದಿಂದ ಬಿದ್ದುಹೋಗುತ್ತಿದ್ದ ಆಸ್ಪಿನ್‌ವಾಲ್ ಗೋದಾಮಿನಂಥ ಕಟ್ಟಡಗಳಿಗೆ ಜೀವ ಬಂತು. ಶಾಲೆಯ ಮಕ್ಕಳು, ಮೀನುಗಾರರು ಟಿಕೆಟ್ ಕೊಂಡು ಚಿತ್ರ, ಶಿಲ್ಪ ನೋಡುವುದನ್ನು ನಾನು ಅಲ್ಲಿ ಕಂಡೆ, ಸಂತೋಷಪಟ್ಟೆ. 2023ರಿಂದ ವಾಟರ್ ಮೆಟ್ರೋ ಬಂದಿದೆ, ಹವಾನಿಯಂತ್ರಿತ ದೋಣಿ, ಸದ್ದಿಲ್ಲ. ಒಳ್ಳೆಯದೇ. ಬಾಡಿಗೆ ಏರಿತು, ಹಳೆಯ ಮನೆಗಳು ಹೋಂಸ್ಟೇ ಆದವು, ಅಲ್ಲಿದ್ದ ಬಡವರು ಎರ್ನಾಕುಳಂನ ಹೊರವಲಯಕ್ಕೆ ಸರಿದರು. ಇದು ಒಳ್ಳೆಯದಲ್ಲ. ಮಟ್ಟಾಂಚೇರಿಯಲ್ಲಿ ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುವ ಓಣಿಗಳು ಇನ್ನೂ ಇವೆ. ಪ್ರವಾಸಿಗಳ ಹಣ ಅಲ್ಲಿಗೆ ತಲುಪಿಲ್ಲ.

ಜ್ಯೂ ಟೌನಿನಲ್ಲಿ ಇನ್ನೊಂದು ಸಿನಗಾಗ್ ಇದೆ, ಕಡವುಂಭಾಗಂ. ಮಲಬಾರಿ ಯಹೂದಿಗಳದ್ದು, ಅವರನ್ನು ಕರಿಯರೆಂದು ಬೇರೆ ಇಟ್ಟಿದ್ದ ಕಾಲದಲ್ಲಿ ಅವರು ಪ್ರಾರ್ಥಿಸಿದ ಜಾಗ. ಅವರು ಹೋದ ಮೇಲೆ ಕಟ್ಟಡ ಗೋದಾಮಾಯಿತು. ಕೆತ್ತನೆಯ ಒಳಮೈ ಕಳಚಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿಗೆ ಹೋಯಿತು. ಉಳಿದ ಗೋಡೆಗಳಲ್ಲಿ ಒಂದು ಭಾಗ 2019ರ ಸೆಪ್ಟೆಂಬರ್ ಮಳೆಗೆ ಕುಸಿದುಬಿತ್ತು. ಪರದೇಶಿ ಸಿನಗಾಗಿನ ಮುಂದೆ ಉದ್ದ ಸಾಲು, ಇಲ್ಲಿ ಯಾರೂ ಇಲ್ಲ. ಪರದೇಶಿ ಸಿನಗಾಗಿನ ನೀಲಿ ಬಿಲ್ಲೆಗಳನ್ನು ಕಾಪಾಡಿದಷ್ಟೇ ಮುತುವರ್ಜಿಯಿಂದ ಈ ಮುರುಕು ಗೋಡೆಯನ್ನೂ ಕಾಪಾಡಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕೊಚ್ಚಿಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ. ಫೋರ್ಟ್ ಕೊಚ್ಚಿಯಲ್ಲಿ ಚೀನಾ ಬಲೆ ನೋಡಿ ಹಿಂದಿರುಗಬೇಡಿ. ಮಟ್ಟಾಂಚೇರಿಯಲ್ಲಿ ಒಂದು ಪೂರ್ತಿ ಹಗಲು ನಡೆಯಿರಿ. ಶನಿವಾರ ಸಿನಗಾಗ್, ಶುಕ್ರವಾರ ಅರಮನೆ ಮುಚ್ಚಿರುತ್ತವೆ, ಆ ಎರಡು ದಿನ ಬಿಟ್ಟು ಬೇರೆ ದಿನ ಹೋಗಿ. ಪರದೇಶಿ ಸಿನಗಾಗ್ ನೋಡಿ ಹೊರಬಂದ ಮೇಲೆ ಎ. ಬಿ. ಸೇಲಂ ಹೆಸರಿನ ರಸ್ತೆಯಲ್ಲೇ ನಡೆದು ಕಡವುಂಭಾಗಂವರೆಗೂ ಹೋಗಿ ಬನ್ನಿ. ನಿಮ್ಮ ಜೊತೆ ಮಕ್ಕಳಿದ್ದರೆ ಸೇಲಂ ಯಾರೆಂದು ಆ ರಸ್ತೆಯಲ್ಲೇ ಅವರಿಗೆ ಹೇಳಿ.